ನಕ್ಷತ್ರಗಳ ಸೂಲಗಿತ್ತಿ



ಆರಿದ್ರಾ ಮಳೆಯ ಹೆಸರು ಕೇಳದ ಕನ್ನಡಿಗರು ವಿರಳ. ಸೂರ್ಯನು ಆರ್ದ್ರಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಲ್ಲಿ, ಎಂದರೆ ಜೂನ್ ಕೊನೆಯ ವಾರದಿಂದ ಜುಲೈ ಮೊದಲ ವಾರದವರೆಗೆ, ಬೀಳುವ ಮಳೆ ಅದು. “ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ” ಎಂದು ನಮ್ಮ ರೈತರು ಗಾದೆ ಕಟ್ಟಿದ್ದಾರೆ. ಮಳೆಗೆ ಹೆಸರು ಕೊಟ್ಟ ಆ ನಕ್ಷತ್ರವನ್ನು ಮಳೆಗಾಲದಲ್ಲಿ ನೋಡುವಂತಿಲ್ಲ. ಆಗ ಅದು ಸೂರ್ಯನ ಬೆಳಕಿನಲ್ಲಿ ಅಡಗಿರುತ್ತದೆ. ಪುಷ್ಯ, ಮಾಘ ಮಾಸಗಳ ರಾತ್ರಿ ತಲೆಯೆತ್ತಿ ನೋಡಿದರೆ ಮಹಾವ್ಯಾಧನ ಹೆಗಲಿನಲ್ಲಿ ಕೆಂಡದಂತೆ ಹೊಳೆಯುತ್ತಿರುವುದೇ ಆರ್ದ್ರೆ.

ಈ ಆರ್ದ್ರೆ ಸಾಮಾನ್ಯ ನಕ್ಷತ್ರವಲ್ಲ. ಹತ್ತು ಸೂರ್ಯರಿಗೂ ಮೀರಿದ ದ್ರವ್ಯ ಅದರ ಒಡಲಲ್ಲಿದೆ. ಅದು ಹುಟ್ಟಿ ಸುಮಾರು ಒಂದು ಕೋಟಿ ವರ್ಷವಾಗಿರಬಹುದು. ಅಷ್ಟರಲ್ಲೇ ಮುಪ್ಪು ಅಡರಿದೆ. ನಮ್ಮ ಸೂರ್ಯನಾದರೋ ಹುಟ್ಟಿ ೪೬೦ ಕೋಟಿ ವರ್ಷ ಕಳೆದರೂ ಇನ್ನೂ ನಡುವಯಸ್ಸಿನವನು. ದೊಡ್ಡದಾದಷ್ಟೂ ಆಯುಷ್ಯ ಕಡಮೆ ಎಂಬುದು ನಕ್ಷತ್ರಗಳ ಕುಲಧರ್ಮ. ಇಂಥ ಭಾರಿ ನಕ್ಷತ್ರಗಳು ತಮ್ಮ ಅಲ್ಪಾಯುಷ್ಯದ ಯೌವನದಲ್ಲಿ ಸುತ್ತಲಿನ ಆಕಾಶಕ್ಕೆ ಏನು ಮಾಡುತ್ತವೆ, ಮುಂದೆ ಹುಟ್ಟಬೇಕಾದ ನಕ್ಷತ್ರಗಳಿಗೆ ಅವುಗಳಿಂದ ಉಪಕಾರವೋ ಅಪಕಾರವೋ ಎಂಬುದೇ ಈ ಹೊತ್ತಿನ ವಿಷಯ. ಇದನ್ನು ಪರೀಕ್ಷಿಸುವುದಕ್ಕೆ ನೆರವಾದ ಒಂದು ಉಪಕರಣ ಸಿದ್ಧವಾದದ್ದು ನಮ್ಮ ಬೆಂಗಳೂರಿನ ಪೂರ್ವದ ಹೊಸಕೋಟೆಯಲ್ಲಿ ಎಂಬ ಅಭಿಮಾನವೂ ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣ.

ಮೊದಲು ಈ ಭಾರಿ ನಕ್ಷತ್ರಗಳ ಸಂಸಾರದ ರೀತಿಯನ್ನು ನೋಡೋಣ. ಸೂರ್ಯನ ಇಪ್ಪತ್ತು ಪಾಲು ದ್ರವ್ಯವುಳ್ಳ ನಕ್ಷತ್ರವೊಂದಿದೆ ಎಂದಿಟ್ಟುಕೊಳ್ಳಿ. ಉರಿಸಲು ಅದರ ಬಳಿ ಇರುವ ಜಲಜನಕ ಸೂರ್ಯನದಕ್ಕಿಂತ ಇಪ್ಪತ್ತು ಪಾಲು ಹೆಚ್ಚು. ಆದರೆ ಅದು ಸೂಸುವ ಬೆಳಕು ಸೂರ್ಯನದರ ಹತ್ತಾರು ಸಾವಿರ ಪಾಲು. ಇಪ್ಪತ್ತು ಪಾಲು ಆಸ್ತಿಗೆ ಹತ್ತಾರು ಸಾವಿರ ಪಾಲು ಖರ್ಚು! ಇಂಥ ಮನೆತನ ಎಷ್ಟು ದಿನ ಬಾಳೀತು? ಸೂರ್ಯನಿಗೆ ಒಟ್ಟು ಸುಮಾರು ೧,೦೦೦ ಕೋಟಿ ವರ್ಷದ ಆಯುಷ್ಯವಿದ್ದರೆ ಈ ದುಂದುಗಾರ ಒಂದು ಕೋಟಿ ವರ್ಷದ ಆಸುಪಾಸಿನಲ್ಲಿ ಪಾಪರಾಗುತ್ತಾನೆ. ಕೊನೆಗೆ ಒಡಲು ಕುಸಿದು, ಮಹಾನವ್ಯ ಎಂದು ಕರೆಯುವ ಭಯಂಕರ ಸ್ಫೋಟದಲ್ಲಿ ಸಿಡಿದುಹೋಗುತ್ತಾನೆ. ನೂರು ನಕ್ಷತ್ರ ಹುಟ್ಟಿದರೆ ಅವುಗಳಲ್ಲಿ ಇಂಥದು ಒಂದಿರುವುದೂ ಅಪರೂಪ. ಆದರೂ ಊರಿಗೆಲ್ಲ ಕೇಳಿಸುವಂತೆ ಬಾಳುವವನು ಈ ಒಬ್ಬನೇ.

ನಕ್ಷತ್ರಗಳು ಹುಟ್ಟುವ ಸ್ಥಳ ಆಕಾಶದ ಅನಿಲ ಮೋಡಗಳು. ನಮ್ಮ ಮಳೆಯ ಮೋಡದಂತೆ ಅವು ನೀರಿನವಲ್ಲ; ಬಹುಪಾಲು ಜಲಜನಕ, ಅದರೊಡನೆ ಒಂದಿಷ್ಟು ಧೂಳು. ಅಲ್ಲಿಯ ಚಳಿ ಎಂಥದೆಂದರೆ ಸೊನ್ನೆಗಿಂತ ಸುಮಾರು ೨೬೦ ಡಿಗ್ರಿ ಕೆಳಗೆ. ಈ ಶೀತವೇ ಅವಕ್ಕೆ ಅನುಕೂಲ. ಅನಿಲ ಬಿಸಿಯಾಗಿದ್ದರೆ ಹಿಗ್ಗುತ್ತದೆ. ತಣ್ಣಗಿದ್ದರೆ ತನ್ನ ಗುರುತ್ವಾಕರ್ಷಣೆಗೆ ತಾನೇ ಸೋತು ಒಳಗೆ ಕುಸಿಯುತ್ತದೆ. ಕುಸಿದು ಕುಸಿದು ನಡುವೆ ಗಟ್ಟಿಯಾಗಿ, ಕಾದು, ಕೊನೆಗೊಮ್ಮೆ ಹೊತ್ತಿಕೊಳ್ಳುತ್ತದೆ. ಹೀಗೆ ಒಂದೇ ಮೋಡದಿಂದ ನೂರಾರು, ಸಾವಿರಾರು ನಕ್ಷತ್ರಗಳು ಗುಂಪಾಗಿ ಹುಟ್ಟುತ್ತವೆ. ಆ ಗುಂಪಿನಲ್ಲಿ ಭಾರಿ ನಕ್ಷತ್ರವೊಂದು ಇದ್ದುಬಿಟ್ಟರೆ ಮೋಡದ ಶಾಂತಿ ಅಲ್ಲಿಗೆ ಮುಗಿಯಿತು.

ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು ೫,೫೦೦ ಡಿಗ್ರಿಯಾದರೆ ಭಾರಿ ತರುಣ ನಕ್ಷತ್ರದ ಮೇಲ್ಮೈ ೩೦,೦೦೦ ಡಿಗ್ರಿಗೂ ಮಿಗಿಲು. ಇಷ್ಟು ಕಾದ ವಸ್ತು ಸೂಸುವ ಬೆಳಕಿನಲ್ಲಿ ಹೆಚ್ಚಿನ ಪಾಲು ನಮ್ಮ ಕಣ್ಣಿಗೆ ಕಾಣುವ ಬೆಳಕಲ್ಲ, ನೇರಳೆ ಬಣ್ಣಕ್ಕೂ ಆಚೆಯ ನೇರಳಾತೀತ ಕಿರಣ. ಈ ಕಿರಣ ಜಲಜನಕದ ಪರಮಾಣುವಿಗೆ ತಾಗಿದರೆ ಅದರ ಎಲೆಕ್ಟ್ರಾನನ್ನು ಕಿತ್ತುಹಾಕುತ್ತದೆ. ಹೀಗೆ ಛಿದ್ರವಾದ ಅನಿಲ ಹತ್ತು ಸಾವಿರ ಡಿಗ್ರಿಯವರೆಗೆ ಕಾಯುತ್ತದೆ. ಅದರ ಜೊತೆಗೆ ನಕ್ಷತ್ರದ ಮೈಯಿಂದಲೇ ಸೆಕೆಂಡಿಗೆ ಎರಡು ಸಾವಿರ ಕಿಲೋಮೀಟರಿನಷ್ಟು ವೇಗದ ಗಾಳಿ ಬೀಸುತ್ತದೆ. ಕೊನೆಗೆ ಮಹಾನವ್ಯದ ಸಿಡಿತ. ಒಂದಾದ ಮೇಲೊಂದು ಬರುವ ಈ ಮೂರು ಹೊಡೆತಗಳಿಗೆ ಸಿಕ್ಕಿದ ತಣ್ಣನೆಯ ಮೋಡ ಚದರಿಹೋಗುತ್ತದೆ. ಅಲ್ಲಿ ಮುಂದೆ ಹುಟ್ಟಬಹುದಾಗಿದ್ದ ನಕ್ಷತ್ರಗಳಿಗೆ ಅನಿಲವೇ ಉಳಿಯುವುದಿಲ್ಲ. ತನ್ನನ್ನು ಹೆತ್ತ ಮೋಡವನ್ನೇ ಹರಿದುಹಾಕುವ ಮಗು ಇದು.

ಆದರೆ ಕಥೆ ಇಷ್ಟಕ್ಕೇ ನಿಲ್ಲುವುದಿಲ್ಲ. ಚದರಿದ ಅನಿಲ ಹೋಗುವುದೆಲ್ಲಿಗೆ? ಜಾತ್ರೆಯಲ್ಲಿ ತೇರು ಬರುವ ಹೊತ್ತನ್ನು ನೆನಸಿಕೊಳ್ಳಿ. ರಥಬೀದಿಯ ತುಂಬ ಜನ ಹರಡಿಕೊಂಡು ನಿಂತಿರುತ್ತಾರೆ. ತೇರಿಗೆ ದಾರಿ ಬಿಡಿರೆಂದು ನಡುವಿನವರನ್ನು ಪಕ್ಕಕ್ಕೆ ಸರಿಸಿದರೆ ಬೀದಿಯ ನಡುವೆ ಬಯಲಾಗುತ್ತದೆ; ಎರಡು ಅಂಚುಗಳಲ್ಲಿ ಮಾತ್ರ ಉಸಿರಾಡಲೂ ತೆರಪಿಲ್ಲದಂತೆ ಜನ ಒತ್ತರಿಸುತ್ತಾರೆ. ಆಕಾಶದಲ್ಲೂ ಹೀಗೆಯೇ. ಭಾರಿ ನಕ್ಷತ್ರಗಳ ಸುತ್ತ ಬಯಲು. ಆ ಬಯಲಿನ ಅಂಚಿನಲ್ಲಿ, ಊದುತ್ತಿರುವ ಗುಳ್ಳೆಯ ಚಿಪ್ಪಿನಂತೆ, ಒತ್ತಿ ತುಂಬಿದ ಅನಿಲ. ಅನಿಲ ಒತ್ತಾಗಿ ಸೇರಿದಲ್ಲಿ ಗುರುತ್ವಾಕರ್ಷಣೆಯ ಹಿಡಿತ ಬಲವಾಗುತ್ತದೆ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟಬಹುದು. ಅವುಗಳಲ್ಲೂ ಒಂದೆರಡು ಭಾರಿಯವಾಗಿದ್ದರೆ ಅವು ಇನ್ನೊಂದು ಗುಳ್ಳೆಯನ್ನು ಊದುತ್ತವೆ. ತಲೆಮಾರಿನಿಂದ ತಲೆಮಾರಿಗೆ ಬೆಂಕಿ ದಾಟಿಹೋದಂತಾಯಿತು. ಅಮೆರಿಕದ ಬ್ರೂಸ್ ಎಲ್ಮೆಗ್ರೀನ್ ಮತ್ತು ಚಾರ್ಲ್ಸ್ ಲಾಡಾ ಎಂಬ ವಿಜ್ಞಾನಿಗಳು ೧೯೭೭ರಲ್ಲಿ ಈ ವಾದವನ್ನು ಲೆಕ್ಕಾಚಾರ ಸಮೇತ ಮುಂದಿಟ್ಟರು.

ಇದಕ್ಕೆ ಆಧಾರವೆಂಬಂತೆ ಕಾಣುವ ಸಂಗತಿ ಮಹಾವ್ಯಾಧನಲ್ಲೇ ಇದೆ. ಅವನ ನಡುಪಟ್ಟಿಯ ಮೂರು ನಕ್ಷತ್ರಗಳು ನಿಮಗೆಲ್ಲ ಪರಿಚಿತ. ಅದರ ಕೆಳಗೆ ತೂಗುವ ಕತ್ತಿಯ ನಡುವೆ ಮಸುಕಾದ ಬೆಳಕಿನ ಗೂಡೊಂದಿದೆ. ಅದೇ ಪ್ರಸಿದ್ಧವಾದ ನೀಹಾರಿಕೆ. ನಮಗೆ ಸುಮಾರು ೧,೩೫೦ ಜ್ಯೋತಿರ್ವರ್ಷ ದೂರ. ಒಂದು ವರ್ಷದಲ್ಲಿ ಬೆಳಕು ಕ್ರಮಿಸುವ ದಾರಿಗೆ ಜ್ಯೋತಿರ್ವರ್ಷವೆಂದು ಹೆಸರು. ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಡಚ್ ಖಗೋಳಜ್ಞ ಆಡ್ರಿಯಾನ್ ಬ್ಲಾವ್ ೧೯೬೪ರಲ್ಲಿ ಈ ಪ್ರದೇಶದ ಭಾರಿ ನಕ್ಷತ್ರಗಳನ್ನು ವಯಸ್ಸಿಗನುಸಾರವಾಗಿ ಗುಂಪು ಮಾಡಿ ತೋರಿಸಿದರು. ನಡುಪಟ್ಟಿಯ ಗುಂಪಿಗಿಂತ ನೀಹಾರಿಕೆಯ ಗುಂಪು ಕಿರಿಯದು. ಅಕ್ಕನ ಹಿಂದೆ ತಂಗಿ ನಿಂತಂತೆ ವಯಸ್ಸಿನ ಸಾಲು ಕಾಣುತ್ತದೆ.

ಆದರೂ ನಮ್ಮ ಆಕಾಶಗಂಗೆಯೊಳಗೇ ಇದ್ದುಕೊಂಡು ಅದರ ನಕ್ಷೆ ಬರೆಯುವುದು ಕಷ್ಟ. ಮನೆಯೊಳಗೆ ಕುಳಿತವನಿಗೆ ಮನೆಯ ಚಾವಣಿಯ ಆಕಾರ ತಿಳಿಯದು. ಒಂದರ ಹಿಂದೊಂದು ಮೋಡ ಅಡ್ಡ ಬರುತ್ತದೆ. ಆದ್ದರಿಂದ ಹೊರಗಿನ ಇನ್ನೊಂದು ಮನೆಯನ್ನು ನೋಡಬೇಕು. ಆಕಾಶಗಂಗೆಯಂಥ ನಕ್ಷತ್ರಲೋಕಗಳಿಗೆ ಗೆಲಾಕ್ಸಿ ಎಂಬ ಹೆಸರು ಈಗ ಕನ್ನಡದಲ್ಲೂ ರೂಢಿಗೆ ಬಂದಿದೆ. ಅವುಗಳಲ್ಲಿ ದೊಡ್ಡವಕ್ಕೆ ಸುರುಳಿಯಾಕಾರದ ತೋಳುಗಳಿರುತ್ತವೆ. ಅವು ತಿರುಗುತ್ತ ತಿರುಗುತ್ತ ಗುಳ್ಳೆಗಳನ್ನು ಎಳೆದು ಕಲಸಿಬಿಡುತ್ತವೆ. ಸಣ್ಣ ಗೆಲಾಕ್ಸಿಗಳಲ್ಲಿ ಈ ಗೋಜಿಲ್ಲ. ಅಲ್ಲಿ ಊದಿದ ಗುಳ್ಳೆ ಬಹುಕಾಲ ಹಾಗೆಯೇ ಉಳಿದಿರುತ್ತದೆ. ಶಾಂತವಾದ ಕೆರೆಯಲ್ಲಿ ಕಲ್ಲೆಸೆದ ಅಲೆ ಸ್ಪಷ್ಟವಾಗಿ ಕಾಣುವ ಹಾಗೆ.

ಅಂಥ ಸಣ್ಣ ಗೆಲಾಕ್ಸಿಯೊಂದು ನಮ್ಮ ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿದೆ. ಚೈತ್ರ ವೈಶಾಖದ ಸಂಜೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಸಪ್ತರ್ಷಿಗಳು ಮೇಲೇರಿರುತ್ತಾರೆ. ಪುಲಹ ಕ್ರತುಗಳನ್ನು ಸೇರಿಸಿದ ಗೆರೆಯನ್ನು ಮುಂದುವರಿಸಿ ಧ್ರುವನನ್ನು ಗುರುತಿಸುವ ಪಾಠ ನಮಗೆಲ್ಲ ಆಗಿದೆ. ಆ ಗೆರೆಯಲ್ಲಿ ಕ್ರತುವನ್ನು ದಾಟಿ ತುಸು ಪಶ್ಚಿಮಕ್ಕೆ ಸರಿದರೆ ಈ ಗೆಲಾಕ್ಸಿಯ ನೆಲೆ. ಬರಿಗಣ್ಣಿಗೆ ಅದು ಕಾಣದು. ಎಡ್ವಿನ್ ಕಾಡಿಂಗ್‌ಟನ್ ಎಂಬ ಅಮೆರಿಕದ ಖಗೋಳಜ್ಞ ೧೮೯೮ರಲ್ಲಿ ಅದನ್ನು ಕಂಡುಹಿಡಿದರು. ಖಗೋಳಜ್ಞರ ಪಟ್ಟಿಯಲ್ಲಿ ಅದರ ಹೆಸರು ಐ.ಸಿ. ೨೫೭೪. ದೂರ ಸುಮಾರು ೧ ಕೋಟಿ ೨೦ ಲಕ್ಷ ಜ್ಯೋತಿರ್ವರ್ಷ. ಗೆಲಾಕ್ಸಿಗಳ ಲೆಕ್ಕದಲ್ಲಿ ಇದು ನೆರೆಮನೆಯೇ.

ಇದರೊಳಗಿನ ಗುಳ್ಳೆಗಳನ್ನು ಮೊದಲು ತೋರಿಸಿಕೊಟ್ಟದ್ದು ರೇಡಿಯೋ. ರೇಡಿಯೋ ಶ್ರೋತೃಗಳಾದ ನಿಮಗೆ ಇದು ಹಿತವಾದ ಸುದ್ದಿ ಎಂದು ನಂಬುತ್ತೇನೆ. ತಣ್ಣನೆಯ ಜಲಜನಕ ತಾನಾಗಿಯೇ ೨೧ ಸೆಂಟಿಮೀಟರ್ ಉದ್ದದ ರೇಡಿಯೋ ತರಂಗವನ್ನು ಸೂಸುತ್ತದೆ. ಮಧ್ಯಮ ತರಂಗದಲ್ಲಿ ನಾವು ಹಿಡಿಯುವ ಕೇಂದ್ರಗಳ ಅಲೆ ನೂರಾರು ಮೀಟರ್ ಉದ್ದ. ಜಲಜನಕದ್ದು ಒಂದು ಗೇಣು ಮಾತ್ರ. ಹಾಲೆಂಡಿನ ವಾನ್ ಡ ಹುಲ್ಸ್ಟ್ ೧೯೪೪ರಲ್ಲಿ ಹೀಗೊಂದು ತರಂಗವಿರಬೇಕೆಂದು ಹೇಳಿದರು. ೧೯೫೧ರಲ್ಲಿ ಅಮೆರಿಕದ ಯೂಯನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ಅಂದಿನಿಂದ ಆಕಾಶದ ಜಲಜನಕ ಎಲ್ಲೆಲ್ಲಿದೆ, ಎಲ್ಲೆಲ್ಲಿ ಇಲ್ಲ ಎಂದು ನಕ್ಷೆ ಬರೆಯುವುದು ಸಾಧ್ಯವಾಯಿತು.

ಅಮೆರಿಕದ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ೨೭ ದೊಡ್ಡ ಬೋಗುಣಿಗಳನ್ನು ಸಾಲಾಗಿ ನಿಲ್ಲಿಸಿ ಕಟ್ಟಿದ ರೇಡಿಯೋ ದೂರದರ್ಶಕವಿದೆ. ಅದರಿಂದ ಫೇಬಿಯನ್ ವಾಲ್ಟರ್ ಮತ್ತು ಎಲಿಯಾಸ್ ಬ್ರಿಂಕ್ಸ್ ಐ.ಸಿ. ೨೫೭೪ರ ನಕ್ಷೆ ತೆಗೆದು ೧೯೯೯ರಲ್ಲಿ ಪ್ರಕಟಿಸಿದರು. ಆ ನಕ್ಷೆಯಲ್ಲಿ ಗೆಲಾಕ್ಸಿಯ ಅನಿಲ ತೂತು ತೂತಾದ ದೋಸೆಯಂತೆ ಕಂಡಿತು. ಎಣಿಸಿದರೆ ೪೮ ತೂತುಗಳು! ಅವುಗಳಲ್ಲಿ ಒಂದು ಬಲು ದೊಡ್ಡದು. ಉದ್ದ ಸುಮಾರು ಮೂರು ಸಾವಿರ ಜ್ಯೋತಿರ್ವರ್ಷ. ಅದರ ಚಿಪ್ಪು ಸೆಕೆಂಡಿಗೆ ಸುಮಾರು ೨೫ ಕಿಲೋಮೀಟರ್ ವೇಗದಿಂದ ಹಿಗ್ಗುತ್ತಿದೆ. ಆ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಗುಳ್ಳೆ ಊದತೊಡಗಿ ಸುಮಾರು ೧ ಕೋಟಿ ೪೦ ಲಕ್ಷ ವರ್ಷವಾಗಿರಬೇಕು. ಗುಳ್ಳೆಯ ನಡುವೆ ನಕ್ಷತ್ರಗಳ ಗುಂಪೊಂದಿದೆ. ಅದರ ವಯಸ್ಸು ಸುಮಾರು ೧ ಕೋಟಿ ೧೦ ಲಕ್ಷ ವರ್ಷ. ಅಂಚಿನಲ್ಲಿ ಹೊಳೆಯುತ್ತಿರುವ ಗುಂಪುಗಳ ವಯಸ್ಸು ಸುಮಾರು ೩೦ ಲಕ್ಷ ವರ್ಷ ಮಾತ್ರ. ನಡುವೆ ಹಿರಿಯರು, ಅಂಚಿನಲ್ಲಿ ಕಿರಿಯರು. ಹಿರಿಯರ ಉಬ್ಬರದಿಂದಲೇ ಕಿರಿಯರು ಹುಟ್ಟಿದರೆನ್ನಲು ಇದಕ್ಕಿಂತ ಚೆನ್ನಾದ ಸಾಕ್ಷಿ ಬೇಕೆ?

ಬೇಕು ಎನ್ನುತ್ತದೆ ಶಾಸ್ತ್ರ. ನಮ್ಮ ತಾರ್ಕಿಕರು ಕಾಕತಾಳೀಯವೆಂಬ ನ್ಯಾಯವನ್ನು ಹೇಳಿದ್ದಾರೆ. ಕಾಗೆ ಬಂದು ಕೂತಿತು, ತಾಳೆಯ ಹಣ್ಣು ಬಿತ್ತು. ಹಣ್ಣು ಬಿದ್ದದ್ದು ಕಾಗೆಯ ಭಾರದಿಂದಲೋ, ಮಾಗಿದ್ದರಿಂದಲೋ? ಕನ್ನಡದ ಆಡುಮಾತಿನಲ್ಲಿ ಇದೇ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದಾಗಿದೆ. ಒಂದು ಗುಳ್ಳೆಯ ಅಂಚಿನಲ್ಲಿ ಎಳೆಯ ನಕ್ಷತ್ರಗಳು ಕಂಡವೆಂದ ಮಾತ್ರಕ್ಕೆ ಎಲ್ಲ ನಕ್ಷತ್ರಗಳ ಜನ್ಮವೃತ್ತಾಂತವೂ ಅದೇ ಎನ್ನಲಾಗದು. ಗೆಲಾಕ್ಸಿಯ ಎಳೆಯ ನಕ್ಷತ್ರಗಳನ್ನೆಲ್ಲ ಎಣಿಸಬೇಕು. ಅವುಗಳಲ್ಲಿ ಎಷ್ಟು ಅಂಚಿನಲ್ಲಿವೆ, ಎಷ್ಟು ಇಲ್ಲ ಎಂದು ನೋಡಬೇಕು. ಅನುಕೂಲವಾದ ಒಂದು ಉದಾಹರಣೆ ಹೇಳಿ ಪ್ರತಿಕೂಲವಾದ ಹತ್ತನ್ನು ಮುಚ್ಚಿಡುವುದು ಶಾಸ್ತ್ರವಲ್ಲ.

ಎಣಿಸುವುದು ಹೇಗೆ? ಎಳೆಯ ಭಾರಿ ನಕ್ಷತ್ರಗಳ ಗುರುತು ನೇರಳಾತೀತ ಕಿರಣವೆಂದು ಆಗಲೇ ಹೇಳಿದೆ. ಆ ಕಿರಣದಲ್ಲಿ ಚಿತ್ರ ತೆಗೆದರೆ ಮುದಿ ನಕ್ಷತ್ರಗಳು ಮಸುಕಾಗಿ, ಎಳೆಯವು ಮಾತ್ರ ದೀಪದಂತೆ ಎದ್ದು ಕಾಣುತ್ತವೆ. ಆದರೆ ಭೂಮಿಯ ವಾಯುಮಂಡಲ, ಮುಖ್ಯವಾಗಿ ಅದರ ಓಜೋನ್ ಪದರ, ಆ ಕಿರಣವನ್ನು ಕೆಳಗಿಳಿಯಲು ಬಿಡುವುದಿಲ್ಲ. ಬಿಟ್ಟಿದ್ದರೆ ನಮ್ಮ ಕಣ್ಣು ಚರ್ಮಗಳ ಗತಿ ಏನಾಗುತ್ತಿತ್ತೋ! ನಮ್ಮನ್ನು ಕಾಯುವ ಆ ಛತ್ರಿಯ ಮೇಲಕ್ಕೆ ದೂರದರ್ಶಕವನ್ನೇ ಏರಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

ಇಲ್ಲಿ ನಮ್ಮ ಊರಿನ ಪ್ರಸ್ತಾಪ ಬರುತ್ತದೆ. ಶಿವಾಜಿನಗರದಿಂದ ಹೊರಟು, ಹಲಸೂರನ್ನು ದಾಟಿ, ಇಂದಿರಾನಗರದ ಮಗ್ಗುಲಲ್ಲಿ ಹಾದು, ಕೃಷ್ಣರಾಜಪುರವನ್ನು ಹಿಂದಿಟ್ಟು ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ನಡೆದರೆ ಹೊಸಕೋಟೆ ಸಿಗುತ್ತದೆ. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ, ಇಂಗ್ಲಿಷ್ ಹೆಸರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್, ಹೊಸಕೋಟೆಯ ಬಳಿ ಒಂದು ಆವರಣವನ್ನು ಹೊಂದಿದೆ. ಲಡಾಖಿನ ಹಾನ್ಲೆಯಲ್ಲಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹದ ಸಂಪರ್ಕದಿಂದ ನಡೆಸುವುದು ಇಲ್ಲಿಂದಲೇ. ಅದೇ ಆವರಣದಲ್ಲಿ ವಿಜ್ಞಾನಿ ಎಂ. ಜಿ. ಕೆ. ಮೆನನ್ ಅವರ ಹೆಸರಿನ ಪ್ರಯೋಗಾಲಯವಿದೆ. ನೇರಳಾತೀತ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದ್ದು ಅಲ್ಲಿ.

ಆ ಕೆಲಸದ ನಯವನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಕನ್ನಡಿಯ ಮೇಲೆ ಎಣ್ಣೆಯ ಪಸೆಯ ಅತಿ ತೆಳುವಾದ ಪೊರೆ ಕೂತರೂ ಅದು ನೇರಳಾತೀತ ಕಿರಣವನ್ನು ನುಂಗಿಬಿಡುತ್ತದೆ. ಆದಕಾರಣ ಧೂಳಿಲ್ಲದ ಕೋಣೆಯಲ್ಲಿ, ಮೈಯೆಲ್ಲ ಮುಚ್ಚುವ ಉಡುಪು ತೊಟ್ಟು, ಗಾಳಿಯನ್ನೂ ಸೋಸಿ ಕೆಲಸ ಮಾಡಬೇಕು. ಒಂದೊಂದೂ ಮೂವತ್ತೇಳೂವರೆ ಸೆಂಟಿಮೀಟರ್ ಅಗಲದ ಕನ್ನಡಿಯುಳ್ಳ ಎರಡು ದೂರದರ್ಶಕಗಳ ಜೋಡಿ ಅದು. ಬೆಳಕನ್ನು ಅದು ಕಣಕಣವಾಗಿ ಎಣಿಸುತ್ತದೆ. ರಾಗಿಯ ಕಾಳನ್ನು ಒಂದೊಂದಾಗಿ ಎಣಿಸಿ ಕಣಜ ತುಂಬಿದ ಹಾಗೆ. ಒಮ್ಮೆಗೆ ಅದು ನೋಡುವ ಆಕಾಶ ಪೂರ್ಣಚಂದ್ರನ ಬಿಂಬದಷ್ಟು ಅಗಲ. ಖಭೌತ ಸಂಸ್ಥೆಯೊಡನೆ ಪುಣೆಯ ಅಂತರವಿಶ್ವವಿದ್ಯಾಲಯ ಖಗೋಳ ಕೇಂದ್ರ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ನಮ್ಮ ಬಾಹ್ಯಾಕಾಶ ಸಂಸ್ಥೆ ಇಸ್ರೋ ಕೈಜೋಡಿಸಿದವು. ಬೆಳಕನ್ನು ಎಣಿಸುವ ಭಾಗವನ್ನು ಕೆನಡಾ ದೇಶದ ಬಾಹ್ಯಾಕಾಶ ಸಂಸ್ಥೆ ಕೊಟ್ಟಿತು. ಆಸ್ಟ್ರೋಸ್ಯಾಟ್ ಎಂಬ ಉಪಗ್ರಹದಲ್ಲಿ ಇದನ್ನಿಟ್ಟು ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಹಾರಿಸಿದರು. ಸುಮಾರು ೬೫೦ ಕಿಲೋಮೀಟರ್ ಎತ್ತರದಲ್ಲಿ ಅದು ಭೂಮಿಯನ್ನು ಸುತ್ತತೊಡಗಿತು. ಐದು ವರ್ಷ ದುಡಿದರೆ ಸಾಕೆಂದು ಕಳುಹಿಸಿದ್ದು ಆ ಅವಧಿಯನ್ನು ಮೀರಿ ದುಡಿಯಿತು. ಅದು ಕಳುಹಿಸಿದ ಮಾಹಿತಿಯ ಭಂಡಾರ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ.

ಈ ದೂರದರ್ಶಕವನ್ನು ಐ.ಸಿ. ೨೫೭೪ರ ಕಡೆ ತಿರುಗಿಸಿದಾಗ ಸಿಕ್ಕಿದ ಚಿತ್ರವನ್ನು ಚಯನ್ ಮಂಡಲ್, ಅನ್ನಪೂರ್ಣಿ ಸುಬ್ರಮಣಿಯಮ್ ಮತ್ತು ಕೋಶಿ ಜಾರ್ಜ್ ಪರಿಶೀಲಿಸಿ ೨೦೧೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೇರಳಾತೀತದಲ್ಲಿ ಬೆಳಗುವ ೪೧೯ ನೆಲೆಗಳನ್ನು ಅವರು ಗುರುತಿಸಿದರು. ಪ್ರತಿಯೊಂದೂ ಎಳೆಯ ನಕ್ಷತ್ರಗಳ ತೊಟ್ಟಿಲು. ಆ ನೆಲೆಗಳನ್ನು ರೇಡಿಯೋ ನಕ್ಷೆಯ ೪೮ ತೂತುಗಳ ಮೇಲಿಟ್ಟು ನೋಡಿದರು. ನೂರರಲ್ಲಿ ಸುಮಾರು ೨೯ ನೆಲೆಗಳು ಗುಳ್ಳೆಗಳ ಚಿಪ್ಪಿನಲ್ಲಿದ್ದವು. ಸುಮಾರು ೧೩ ನೆಲೆಗಳು ಗುಳ್ಳೆಯ ಒಳಗಿದ್ದವು. ಉಳಿದವು, ಎಂದರೆ ಹತ್ತರಲ್ಲಿ ಸುಮಾರು ಆರು, ಗುಳ್ಳೆಗಳಿಂದ ದೂರವೇ ಇದ್ದವು. ಚಿಪ್ಪುಗಳ ಒತ್ತಡ ಕೆಲವೆಡೆ ನಕ್ಷತ್ರಗಳನ್ನು ಹುಟ್ಟಿಸಿದೆ. ಆದರೆ ಅದೊಂದೇ ಕಾರಣವಲ್ಲ, ಬೇರೆ ಕಾರಣಗಳೂ ಕೂಡಿ ಕೆಲಸ ಮಾಡಿವೆ ಎಂಬುದು ಇದರಿಂದ ತಿಳಿಯಿತು. ಅನಿಲದ ಸ್ವಂತ ಭಾರ, ಅದರೊಳಗಿನ ಕಲಕಾಟ, ಗೆಲಾಕ್ಸಿಯ ತಿರುಗಾಟ, ಇವೂ ಮೋಡಗಳನ್ನು ಒಟ್ಟುಗೂಡಿಸಬಲ್ಲವು.

ಕೆಲವರಿಗೆ ಇದು ಸಪ್ಪೆಯೆನಿಸಬಹುದು. ಇಷ್ಟು ಶ್ರಮಪಟ್ಟು ಕೊನೆಗೆ ‘ಸ್ವಲ್ಪ ಹೌದು, ಹೆಚ್ಚು ಪಾಲು ಅಲ್ಲ’ ಎನ್ನುವುದೆ? ನನಗಾದರೋ ಇದರಲ್ಲಿ ದೊಡ್ಡ ಬೆಲೆಯಿದೆ ಎನಿಸುತ್ತದೆ. ಒಂದು ಸುಂದರವಾದ ವಾದ ತನ್ನ ಪಾಲೆಷ್ಟು ಎಂಬುದನ್ನು ಲೆಕ್ಕಕ್ಕೆ 	ಒಪ್ಪಿಸಿ ನಿಂತಿತು. ನಾವು ಸಂತೆಯಲ್ಲಿ, ಸಭೆಯಲ್ಲಿ, ಮನೆಯ ಜಗಲಿಯ ಮೇಲೆ ಎಷ್ಟೋ ಸಲ ಒಂದೇ ಕಾರಣವನ್ನು ಹಿಡಿದು ಎಲ್ಲಕ್ಕೂ ಅದನ್ನೇ ಹಚ್ಚುತ್ತೇವೆ. ನಾನೂರ ಹತ್ತೊಂಬತ್ತನ್ನೂ ಎಣಿಸುವ ತಾಳ್ಮೆ ನಮಗಿರುವುದಿಲ್ಲ.

ತರಗತಿಯಲ್ಲಿ ಈ ಸಂಗತಿಯನ್ನು ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಹಾಗಾದರೆ ಆ ದೊಡ್ಡ ನಕ್ಷತ್ರ ತಾಯಿಯೋ, ಸೂಲಗಿತ್ತಿಯೋ, ಸಾರ್?” ಎಂದು ಕೇಳಿದಳು. ಪಂಡಿತರ ಪರಿಭಾಷೆಯಲ್ಲಿ ಇದಕ್ಕೆ ಉತ್ತರವಿದೆ. ಮಡಕೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ. ಹೊಸ ನಕ್ಷತ್ರಕ್ಕೆ ಅನಿಲವೇ ಉಪಾದಾನ. ಒತ್ತಿಕೊಟ್ಟ ಭಾರಿ ನಕ್ಷತ್ರ ನಿಮಿತ್ತ ಮಾತ್ರ. ಆದ್ದರಿಂದ ಅದು ಸೂಲಗಿತ್ತಿ. ಸೂಲಗಿತ್ತಿ ಬಾರದಿದ್ದರೂ ಎಷ್ಟೋ ಹೆರಿಗೆಗಳು ಆಗುತ್ತವೆ. ಹತ್ತರಲ್ಲಿ ಆರು ನೆಲೆಗಳು ಅದನ್ನೇ ಹೇಳುತ್ತಿವೆ. ಅಂಚಿನಲ್ಲಿ ಹುಟ್ಟಿದ ಮಗು ಕೂಡ ಅವಳಿಲ್ಲದೆ ಹುಟ್ಟುತ್ತಿರಲಿಲ್ಲವೋ, ಇಲ್ಲವೆ ತುಸು ತಡವಾಗಿ ಹುಟ್ಟುತ್ತಿತ್ತೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇಂದಿಗೂ ನಡೆದಿದೆ.

ಆದರೆ ಆ ಹುಡುಗಿಯ ಪ್ರಶ್ನೆಗೆ ಇನ್ನೂ ಒಂದು ಮುಖವಿದೆ. ಹುಟ್ಟಿಸುವುದಕ್ಕಿಂತ ತಡೆಯುವುದೇ ಈ ಸೂಲಗಿತ್ತಿಯ ದೊಡ್ಡ ಕೆಲಸವಾಗಿರಬಹುದು. ನಮ್ಮ ಆಕಾಶಗಂಗೆಯಲ್ಲಿರುವ ತಣ್ಣನೆಯ ಮೋಡಗಳೆಲ್ಲ ಅಡ್ಡಿಯಿಲ್ಲದೆ ಕುಸಿದಿದ್ದರೆ ವರ್ಷವೊಂದಕ್ಕೆ ನೂರಾರು ಸೂರ್ಯರಷ್ಟು ದ್ರವ್ಯ ನಕ್ಷತ್ರಗಳಾಗಿ ಮುಗಿದುಹೋಗುತ್ತಿತ್ತು. ನಿಜವಾಗಿ ಆಗುತ್ತಿರುವುದು ಒಂದೆರಡು ಸೂರ್ಯರಷ್ಟು ಮಾತ್ರ. ಒಂದು ಮೋಡದ ಅನಿಲದಲ್ಲಿ ನಕ್ಷತ್ರವಾಗುವುದು ನೂರಕ್ಕೆ ಕೆಲವೇ ಪಾಲು. ಮಿಕ್ಕದ್ದನ್ನು ಭಾರಿ ನಕ್ಷತ್ರಗಳು ಬಿಸಿಮಾಡಿ, ಊದಿ, ಮರಳಿ ಬಯಲಿಗೆ ಕಳುಹಿಸುತ್ತವೆ. ಈ ಮಿತವ್ಯಯಕ್ಕೆ ಮೋಡಗಳ ಕಲಕಾಟ, ಅಯಸ್ಕಾಂತ ಶಕ್ತಿ ಮೊದಲಾದ ಬೇರೆ ಕಾರಣಗಳೂ ಉಂಟು. ಆದರೂ ಭಾರಿ ನಕ್ಷತ್ರಗಳ ಪಾಲು ದೊಡ್ಡದು. ಚದರಿದ ಆ ಅನಿಲ ಕಾಲಾಂತರದಲ್ಲಿ ತಣಿದು ಮತ್ತೆ ಮೋಡವಾಗುತ್ತದೆ. ತನ್ನ ಮನೆಯನ್ನು ದುಂದಿನಿಂದ ಹಾಳುಮಾಡಿಕೊಂಡವನೇ ಊರಿನ ಕಣಜ ಒಮ್ಮೆಗೇ ಬರಿದಾಗದಂತೆ ಕಾದನೆಂದರೆ ವಿಚಿತ್ರವಾಗಿ ತೋರುತ್ತದೆ, ಆದರೂ ನಿಜ.

ಹೀಗೆ ಕಾದಿರಿಸದಿದ್ದರೆ ನಾವು ಇರುತ್ತಿದ್ದೆವೆ ಎಂದು ಯೋಚಿಸಬೇಕು. ವಿಶ್ವಕ್ಕೆ ಸುಮಾರು ೧,೩೮೦ ಕೋಟಿ ವರ್ಷ ವಯಸ್ಸು. ನಮ್ಮ ಸೂರ್ಯ ಹುಟ್ಟಿದ್ದು ಅದರಲ್ಲಿ ಮೂರರಲ್ಲಿ ಎರಡು ಪಾಲು ಕಳೆದ ಮೇಲೆ. ಸಂತೆಗೆ ತಡವಾಗಿ ಬಂದವನಿಗೂ ಸಾಮಾನು ಉಳಿದಿತ್ತು. ಅಷ್ಟೇ ಅಲ್ಲ, ಆ ಸಾಮಾನು ಹಿಂದಿನದಕ್ಕಿಂತ ಉತ್ತಮವಾಗಿತ್ತು. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಭಾರಿ ನಕ್ಷತ್ರಗಳ ಒಡಲಿನಲ್ಲಿ ಬೆಂದು, ಅವು ಸಿಡಿದಾಗ ಹೊರಬಿದ್ದದ್ದು. ಕುಡಿಯುವ ನೀರಿನ ತೂಕದಲ್ಲಿ ಒಂಬತ್ತರಲ್ಲಿ ಎಂಟು ಪಾಲು ಅದೇ.

ಸೂರ್ಯನ ಹುಟ್ಟಿನ ಹೊತ್ತಿಗೂ ಇಂಥ ನಕ್ಷತ್ರವೊಂದು ನೆರೆಯಲ್ಲಿತ್ತೆನ್ನಲು ಕುರುಹು ಇದೆ. ೧೯೬೯ರಲ್ಲಿ ಮೆಕ್ಸಿಕೋ ದೇಶದ ಅಯೆಂದೆ ಎಂಬಲ್ಲಿ ಉಲ್ಕಾಶಿಲೆಗಳು ಬಿದ್ದವು. ಅವು ಸೂರ್ಯನಷ್ಟೇ ಹಳೆಯವು. ೧೯೭೬ರಲ್ಲಿ ಅವುಗಳ ಕಣಗಳನ್ನು ಪರೀಕ್ಷಿಸಿದವರಿಗೆ, ಒಂದು ಬಗೆಯ ವಿಕಿರಣಶೀಲ ಅಲ್ಯೂಮಿನಿಯಂ ಅಲ್ಲಿ ಇದ್ದು ಕರಗಿಹೋದ ಗುರುತು ಸಿಕ್ಕಿತು. ಆ ಅಲ್ಯೂಮಿನಿಯಂ ಏಳು ಲಕ್ಷ ವರ್ಷಕ್ಕೆ ಅರ್ಧದಷ್ಟು ಸವೆಯುವಂಥದು. ಹಳೆಯ ದಾಸ್ತಾನಾಗಿ ಉಳಿದಿರಲು ಸಾಧ್ಯವಿಲ್ಲ. ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮೊದಲು ಭಾರಿ ನಕ್ಷತ್ರವೊಂದರ ಗಾಳಿಯೋ ಸ್ಫೋಟವೋ ತಂದು ಬೆರೆಸಿರಬೇಕೆಂದು ಬಹುಮಂದಿ ವಿಜ್ಞಾನಿಗಳ ಅಭಿಪ್ರಾಯ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಐ.ಸಿ. ೨೫೭೪ರಿಂದ ಇಂದು ನಮಗೆ ತಲಪುವ ಬೆಳಕು ಅಲ್ಲಿಂದ ಹೊರಟು ಸುಮಾರು ೧ ಕೋಟಿ ೨೦ ಲಕ್ಷ ವರ್ಷವಾಯಿತು. ದೊಡ್ಡ ಗುಳ್ಳೆಯ ಅಂಚಿನಲ್ಲಿ ೩೦ ಲಕ್ಷ ವರ್ಷದ ತರುಣರಾಗಿ ನಮಗೆ ಕಾಣುತ್ತಿರುವ ಭಾರಿ ನಕ್ಷತ್ರಗಳು ಈ ಹೊತ್ತಿಗೆ ಬಹುಮಟ್ಟಿಗೆ ಸಿಡಿದು ಮುಗಿದಿರುತ್ತವೆ. ಅವು ಒತ್ತಿದ ಅನಿಲದಲ್ಲಿ ಮುಂದಿನ ತಲೆಮಾರು ಹುಟ್ಟಿರಬಹುದು. ಅವರ ಬೆಳಕು ದಾರಿಯಲ್ಲಿದೆ. ಮುಂದಿನ ಚೈತ್ರದಲ್ಲಿ ಬೀದಿದೀಪಗಳ ಹಾವಳಿ ಕಡಮೆಯಿರುವ ಕಡೆ ನಿಂತು, ಮಕ್ಕಳಿಗೆ ಸಪ್ತರ್ಷಿಗಳನ್ನು ತೋರಿಸುವಾಗ, ಕ್ರತುವಿನ ಆಚೆಯ ಆ ಬರಿಯ ಕತ್ತಲೆಯನ್ನೂ ತೋರಿಸಿ. ಅಲ್ಲಿ ಏನೂ ಕಾಣದು. ಆದರೂ ನಮ್ಮ ಹೊಸಕೋಟೆಯಲ್ಲಿ ಜೋಡಿಸಿದ ಕಣ್ಣು ಅಲ್ಲಿ ನಾನೂರ ಹತ್ತೊಂಬತ್ತು ತೊಟ್ಟಿಲುಗಳನ್ನು ಎಣಿಸಿದೆ ಎಂದು ಹೇಳಿ.